ತರಗತಿಗೊಂದು ನಡೆ

ಸೆಮಿಸ್ಟರಿನ ಮೊದಲ ವಾರದ ಸುಖವನ್ನು ಯಾರೂ ಮನಸಾರೆ ಹೊಗಳಿದ್ದನ್ನು ನಾನು ಕೇಳಿಲ್ಲ. ನೋಟಿಸ್ ಬೋರ್ಡಿಗೆ ವೇಳಾಪಟ್ಟಿ ಅಂಟಿಸಿರುತ್ತಾರೆ, ಅದರ ನೆತ್ತಿಯ ಮೇಲೆ ‘ತಾತ್ಕಾಲಿಕ’ ಎಂದು ಬರೆದಿರುತ್ತದೆ. ನಾವೆಲ್ಲ ಮುಗಿಬಿದ್ದು ಫೋಟೊ ತೆಗೆದುಕೊಳ್ಳುತ್ತೇವೆ. ಮಾರನೆಯ ದಿನ ಪಟ್ಟಿ ಬದಲಾಗಿರುತ್ತದೆ, ಮತ್ತೆ ಫೋಟೊ. ಯಾವ ವಿಷಯಕ್ಕೆ ಯಾರು ಬರುತ್ತಾರೆ, ಲ್ಯಾಬಿನಲ್ಲಿ ಯಾರ ಪಕ್ಕ ಯಾರು, ಯಾವ ಕೊಠಡಿಯ ಯಾವ ಬೆಂಚಿನಿಂದ ಹೊರಗಿನ ಮರ ಕಾಣುತ್ತದೆ ಎಂಬುದೆಲ್ಲ ಇನ್ನೂ ತೀರ್ಮಾನವಾಗಿರುವುದಿಲ್ಲ. ಹೊಸ ರೆಕಾರ್ಡ್ ಪುಸ್ತಕ ತೆರೆದರೆ ಒಂದು ಮಗ್ಗುಲಿಗೆ ಗೆರೆ ಹಾಕಿದ ಹಾಳೆ, ಇನ್ನೊಂದು ಮಗ್ಗುಲಿಗೆ ಚಿತ್ರಕ್ಕೆಂದು ಬಿಟ್ಟ ಬಿಳಿ ಹಾಳೆ. ಎರಡರಲ್ಲೂ ಏನೂ ಇಲ್ಲ. ಆ ಖಾಲಿತನವನ್ನು ನೋಡುತ್ತಾ ಒಂದಷ್ಟು ಹೊತ್ತು ಸುಮ್ಮನೆ ಕೂತಿರಬೇಕು ಅನ್ನಿಸುತ್ತದೆ.

ನನಗಿದು ಮೂರನೆಯ ಸೆಮಿಸ್ಟರ್. ಮೈಸೂರಿನ ಯುವರಾಜ ಕಾಲೇಜಿನಲ್ಲಿ ಬಿ.ಎಸ್ಸಿ., ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ನಂಜನಗೂಡಿನಲ್ಲಿ ಪ್ಯಾಸೆಂಜರ್ ಹತ್ತಿದರೆ ಕಪಿಲೆಯ ಸೇತುವೆ, ತಾಂಡವಪುರ, ಕಡಕೊಳ, ಆಮೇಲೆ ಅಶೋಕಪುರಂ. ಚಾಮರಾಜಪುರಂನಲ್ಲಿ ಇಳಿದು ನಡೆದರೆ ಕಾಲೇಜು. ಈ ಸುತ್ತಮುತ್ತಲಲ್ಲಿ ನಡೆಯುವಾಗ ಓದಿನ ಬಗ್ಗೆ ಒಂದು ಬಗೆಯ ಗೌರವ ತಾನಾಗಿ ಹುಟ್ಟುತ್ತದೆ. ಅತ್ತ ಕ್ರಾಫರ್ಡ್ ಹಾಲ್, ಇತ್ತ ಮಹಾರಾಜ ಕಾಲೇಜು. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯದ ಹಳೆಯ ಗಾಳಿ ಇಲ್ಲಿ ಇನ್ನೂ ಬೀಸುತ್ತಿದೆ. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿದರು. ಅವರು ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಗಾಡಿಗೆ ಹೂವು ಕಟ್ಟಿ, ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದರು ಎಂದು ಮೈಸೂರಿನವರು ಈಗಲೂ ಹೇಳುತ್ತಾರೆ. ಒಂದು ತರಗತಿಯ ಮೇಲೆ ಅಷ್ಟು ಪ್ರೀತಿ ಇಡಬಹುದು ಎಂಬುದು ನನಗೆ ತುಂಬ ಧೈರ್ಯ ಕೊಡುವ ಸಂಗತಿ.

ಹೊಸ ಸೆಮಿಸ್ಟರಿಗೆ ಹೊಂದಿಕೊಳ್ಳುವುದೆಂದರೆ ಕೊಠಡಿಗಳ ಗುರುತು ಹಿಡಿಯುವುದಷ್ಟೇ ಅಲ್ಲ. ಒಂದೊಂದು ತರಗತಿಯೂ ನಮ್ಮ ಕಣ್ಣಿನಿಂದ, ಕೈಯಿಂದ, ಕಿವಿಯಿಂದ ಬೇರೆ ಬೇರೆಯದನ್ನು ಕೇಳುತ್ತದೆ, ಬೇರೆ ಬೇರೆ ನಡೆಯಲ್ಲಿ ನಡೆಸುತ್ತದೆ. ದಿನಕ್ಕೆ ನಾಲ್ಕೈದು ಸಲ ನಡೆ ಬದಲಿಸಬೇಕು. ಆ ಬದಲಾವಣೆಯಲ್ಲೇ ನಾನು ಹೆಚ್ಚು ಕಲಿಯುತ್ತಿದ್ದೇನೆ ಎಂದು ಈ ಸಲ ನನಗೆ ಖಚಿತವಾಗಿದೆ.

ಬೆಳಗ್ಗೆ ಸಸ್ಯಶಾಸ್ತ್ರದ ಲ್ಯಾಬು. ಸೂರ್ಯಕಾಂತಿಯ ಎಳೆಯ ಕಾಂಡ, ಮೆಕ್ಕೆಜೋಳದ ಕಾಂಡ, ಒಂದು ಬ್ಲೇಡು, ವಾಚ್ ಗ್ಲಾಸಿನಲ್ಲಿ ನೀರು, ತೆಳ್ಳನೆಯ ಬ್ರಶ್ಶು. ಕಾಂಡವನ್ನು ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ನೆಟ್ಟಗೆ ಹಿಡಿದು ಬ್ಲೇಡನ್ನು ತನ್ನತ್ತ ಎಳೆಯುತ್ತಾ ಹೋಗಬೇಕು. ನೀರಿನಲ್ಲಿ ತೇಲುವ ತುಂಡುಗಳಲ್ಲಿ ಬೆಳಕು ಹಾಯುವಷ್ಟು ತೆಳುವಾದುದನ್ನು ಆರಿಸಿ, ಸ್ಯಾಫ್ರನಿನ್‌ನಲ್ಲಿ ಅದ್ದಿ, ತೊಳೆದು, ಗ್ಲಿಸರಿನ್ ಹನಿಯ ಮೇಲಿಟ್ಟು ಕವರ್‌ಸ್ಲಿಪ್ ಇಳಿಸಬೇಕು. ಗಡಿಬಿಡಿ ಮಾಡಿದರೆ ಗುಳ್ಳೆ ನಿಲ್ಲುತ್ತದೆ. ಮಸೂರದ ಕೆಳಗೆ ಸೂರ್ಯಕಾಂತಿಯ ನಾಳಕೂರ್ಚಗಳು ಉಂಗುರವಾಗಿ ಕೂತಿರುತ್ತವೆ, ಜೋಳದಲ್ಲಿ ಚೆಲ್ಲಾಪಿಲ್ಲಿ. ನೀರು ಸಾಗಿಸುವ ಕೊಳವೆಗಳ ಗೋಡೆ ಬಣ್ಣ ಕುಡಿದು ಕೆಂಪಗಾಗಿರುತ್ತದೆ. ನಮ್ಮ ಹೊಲದ ಬದುವಿನಲ್ಲಿ ನಿಂತ ಜೋಳದ ದಂಟನ್ನು ಎಷ್ಟು ಸಲ ಮುರಿದಿದ್ದೇನೆ, ಒಳಗೆ ಇಷ್ಟು ಚೆಂದದ ಏರ್ಪಾಡಿದೆ ಎಂದು ತಿಳಿದಿರಲಿಲ್ಲ. ಚಿತ್ರ ಬರೆಯಲು ಪೆನ್ಸಿಲ್ ಮೊನಚಾಗಿರಬೇಕು, ಹೆಸರಿನ ಗೆರೆಗಳೆಲ್ಲ ಬಲಗಡೆಗೇ ಬರಬೇಕು. ಇಲ್ಲಿಯ ನಡೆ ಬೆರಳ ತುದಿಯ ನಡೆ.

ಪ್ರಾಣಿಶಾಸ್ತ್ರದಲ್ಲಿ ಈ ಸೆಮಿಸ್ಟರ್ ನಾವು ಹಣ್ಣುನೊಣ ಸಾಕುತ್ತಿದ್ದೇವೆ. ಡ್ರೊಸೊಫಿಲಕ್ಕೆ ಊಟ ಮಾಡುವ ದಿನ ಲ್ಯಾಬಿನ ವಾಸನೆ ಹಬ್ಬದ ಮನೆಯದು. ರವೆ, ಬೆಲ್ಲ, ಅಗರ್. ಒಂದು ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ರವೆ, ಹತ್ತು ಗ್ರಾಂ ಅಗರ್ ಹಾಕಿ ಗಂಟಾಗದಂತೆ ತಿರುವುತ್ತಾ ಬೇಯಿಸಿ, ಬೂಸ್ಟು ಹಿಡಿಯದಿರಲೆಂದು ಸ್ವಲ್ಪ ಪ್ರೊಪಿಯಾನಿಕ್ ಆಸಿಡ್ ಬೆರೆಸಿ, ಬಿಸಿಯಿದ್ದಾಗಲೇ ಬಾಟಲಿಗೆ ಸುರಿಯಬೇಕು. ಆರಿದ ಮೇಲೆ ಯೀಸ್ಟು, ಬಾಯಿಗೆ ಹತ್ತಿಯ ಬಿರಡೆ. ಮನೆಗೆ ಬಂದು ಹೇಳಿದಾಗ ಅಮ್ಮ ಒಲೆಯ ಮುಂದಿನಿಂದ ತಿರುಗಿ, “ನೊಣಕ್ಕೂ ಸಜ್ಜಿಗೆನಾ? ರವೆ ಹುರ್ಕೊಂಡ್ರಾ?” ಎಂದು ಕೇಳಿದಳು. ಹುರಿದುಕೊಳ್ಳುವುದಿಲ್ಲ ಎಂದೆ. “ಅದಕ್ಕೇ ಗಂಟು ಬೀಳೋದು, ಉರಿ ಸಣ್ಣದಿಟ್ಟು ಸ್ವಲ್ಪಸ್ವಲ್ಪಾನೇ ಉದುರಿಸಿ” ಎಂದಳು. ಮುಂದಿನ ಸಲ ಹಾಗೇ ಉದುರಿಸಿದೆವು, ಊಟ ನುಣ್ಣಗೆ ಬಂತು.

ಮೊಟ್ಟೆಯಿಂದ ನೊಣವಾಗಲು ಇಪ್ಪತ್ತೈದು ಡಿಗ್ರಿಯಲ್ಲಿ ಹತ್ತು ದಿನ ಸಾಕು. ಹುಳು ಊಟದೊಳಗೆ ಕೊರೆಯುತ್ತಾ ದಪ್ಪಗಾಗಿ, ಆಮೇಲೆ ಗಾಜಿನ ಗೋಡೆ ಹತ್ತಿ, ಕೋಶವಾಗಿ ಅಂಟಿಕೊಳ್ಳುತ್ತದೆ. ಕೋಶ ಮೊದಲು ಬೆಳ್ಳಗಿದ್ದು, ದಿನ ಕಳೆದಂತೆ ಕಂದಾಗಿ, ಕೊನೆಯಲ್ಲಿ ಒಳಗಿನ ಕಣ್ಣು ಹೊರಗೆ ಕಾಣತೊಡಗುತ್ತದೆ. ನೊಣ ಹೊರಬಂದ ಮೇಲೆ ಈಥರಿನಿಂದ ಮಂಪರು ಬರಿಸಿ ಬಿಳಿ ಹಾಳೆಯ ಮೇಲೆ ಹರಡಿ, ಗಂಡು ಹೆಣ್ಣು ಬೇರ್ಪಡಿಸುತ್ತೇವೆ. ಗಂಡಿನ ಹೊಟ್ಟೆಯ ತುದಿ ಕಪ್ಪು, ಮುಂಗಾಲಿನ ಮೇಲೆ ಪುಟ್ಟ ಬಾಚಣಿಗೆ. ಕಣ್ಣು ಸಾಮಾನ್ಯವಾಗಿ ಇಟ್ಟಿಗೆ ಕೆಂಪು. ಬಿಳಿ ಕಣ್ಣಿನ ತಳಿಯೂ ಇದೆ. ಅಂಥ ಒಂದು ಬಿಳಿಗಣ್ಣಿನ ಗಂಡು 1910ರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಬಾಟಲಿಯಲ್ಲಿ ಕಾಣಿಸಿಕೊಂಡಿತು. ವಂಶವಾಹಿಗಳು ವರ್ಣತಂತುವಿನ ಮೇಲೆ ಕೂತಿವೆ ಎಂಬುದಕ್ಕೆ ಅದರ ಸಂತಾನವೇ ಸಾಕ್ಷಿ ಹೇಳಿತು. ಬಿಳಿಗಣ್ಣಿನ ತಾಯಿ, ಕೆಂಪುಗಣ್ಣಿನ ತಂದೆ ಆದರೆ ಹೆಣ್ಣುಮಕ್ಕಳೆಲ್ಲ ಕೆಂಪುಗಣ್ಣಿನವರು, ಗಂಡುಮಕ್ಕಳೆಲ್ಲ ಬಿಳಿಗಣ್ಣಿನವರು. ಗಂಡಿಗೆ ಎಕ್ಸ್ ವರ್ಣತಂತು ತಾಯಿಯಿಂದಷ್ಟೇ ಬರುವುದರಿಂದ ಹೀಗೆ. ಪಠ್ಯದಲ್ಲಿ ಇದು ಎರಡು ಸಾಲು. ಬಾಟಲಿ ತೊಳೆದು, ಊಟ ಬೇಯಿಸಿ, ದಿನವೂ ನೋಡಿಕೊಂಡ ನೊಣಗಳು ಹಾಳೆಯ ಮೇಲೆ ಅದನ್ನೇ ತೋರಿಸಿಕೊಟ್ಟಾಗ ಆಗುವ ಆನಂದ ಬೇರೆಯೇ. ಮೈಸೂರಿನಲ್ಲಿ ಈ ವಿದ್ಯೆಗೆ ದೊಡ್ಡ ಪರಂಪರೆಯೇ ಇದೆ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದ ಡ್ರೊಸೊಫಿಲ ಸ್ಟಾಕ್ ಸೆಂಟರ್‌ನಲ್ಲಿ ಹತ್ತಾರು ತಳಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದಿದ್ದಾರೆ.

ರಸಾಯನಶಾಸ್ತ್ರದಲ್ಲಿ ಕೈ ಕಾಯುವುದನ್ನು ಕಲಿಯುತ್ತದೆ. ಆಕ್ಸಾಲಿಕ್ ಆಮ್ಲಕ್ಕೆ ಗಂಧಕಾಮ್ಲ ಸೇರಿಸಿ ಬಿಸಿ ಮಾಡಿ, ಬ್ಯುರೆಟ್ಟಿನಿಂದ ಪರ್ಮಾಂಗನೇಟ್ ಬಿಡುತ್ತೇವೆ. ಮೊದಲ ಹನಿ ಬಿದ್ದ ಕಡೆ ನೇರಳೆ ಬಣ್ಣ ಹಾಗೇ ನಿಂತಿರುತ್ತದೆ. ಫ್ಲಾಸ್ಕನ್ನು ತಿರುಗಿಸುತ್ತಲೇ ಇರಬೇಕು, ಎಷ್ಟೋ ಹೊತ್ತಿಗೆ ಬಣ್ಣ ಅಳಿಯುತ್ತದೆ. ಆಮೇಲಿನ ಹನಿಗಳು ಬಿದ್ದ ಕೂಡಲೇ ಮಾಯ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಮುಂದಿನ ಕ್ರಿಯೆಯನ್ನು ಚುರುಕು ಮಾಡುತ್ತವೆ ಎಂದು ಮೇಡಂ ವಿವರಿಸಿದರು. ಹೊಸ ಸೆಮಿಸ್ಟರೂ ಹೀಗೆಯೇ ಅಲ್ಲವೇ ಎಂದು ನನಗೆ ಅನ್ನಿಸಿತು. ಮೊದಲ ಪಾಠಗಳು ಬಿದ್ದಲ್ಲೇ ನಿಂತಿರುತ್ತವೆ, ಕರಗುವುದಿಲ್ಲ. ಹೇಗೋ ಕರಗಿದ ಸ್ವಲ್ಪವೇ ಮುಂದಿನದನ್ನು ಬೇಗ ಕರಗಿಸುತ್ತದೆ. ಕೊನೆಯ ಹನಿಗೆ ತಿಳಿ ಗುಲಾಬಿ ಬಣ್ಣ ನಿಂತರೆ ಅಲ್ಲಿಗೆ ನಲ್ಲಿ ಕಟ್ಟಬೇಕು.

ಇನ್ನು ಕನ್ನಡದ ತರಗತಿ. ಊಟದ ನಂತರದ ಗಂಟೆ. ಸೆಮಿಸ್ಟರ್ ಶುರುವಾದಾಗ ನಮ್ಮಲ್ಲಿ ಅರ್ಧ ಜನ ಇದಕ್ಕೆ ಬರುತ್ತಿರಲಿಲ್ಲ. ಲ್ಯಾಂಗ್ವೇಜು ತಾನೆ, ಪರೀಕ್ಷೆಗೆ ಹಿಂದಿನ ವಾರ ಓದಿದರಾಯಿತು ಎಂಬ ಲೆಕ್ಕ. ಹಾಗೆ ಎದ್ದು ಹೋದವರಿಗೆ ಸಿಕ್ಕದ್ದು ಏನೆಂದು ಬರೆಯಬೇಕೆಂದೇ ನಾನು ಈ ಪ್ರಬಂಧಕ್ಕೆ ಕೂತದ್ದು.

ಮೇಡಂ ಬೋರ್ಡಿನ ಮೇಲೆ ಕುಮಾರವ್ಯಾಸನ ಒಂದು ಪದ್ಯ ಬರೆದು ಪ್ರಸ್ತಾರ ಹಾಕಲು ಹೇಳಿದರು. ಭಾಮಿನಿ ಷಟ್ಪದಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಎಂದು ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯದರಲ್ಲಿ ಅದೇ ಮೂರು ನಾಲ್ಕು ಮೂರು ಸಲ ಬಂದು ಮೇಲೊಂದು ಗುರು. ಹನಿ ಎಣಿಸಿ ಪಳಗಿದ ನಮ್ಮ ಕೈಗೆ ಲಘು ಗುರು ಎಣಿಸುವುದು ಕಷ್ಟವಾಗಲಿಲ್ಲ. ಲೆಕ್ಕ ಮುಗಿದ ಮೇಲೆ ಅವರು ಅದನ್ನೇ ಗಮಕದಲ್ಲಿ ಓದಿದರು. ಅಷ್ಟೂ ಎಣಿಕೆ ಕಾಣೆಯಾಗಿ ಬರೀ ಓಟ ಉಳಿಯಿತು. ಆರು ಸಾಲಿನಲ್ಲೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿ ಬಡಿಯುತ್ತದೆ, ಕಿವಿ ಅದಕ್ಕಾಗಿ ಕಾದಿರುತ್ತದೆ. ಆ ಓಟದಲ್ಲಿ ಅರ್ಥ ಕೂಡಲೇ ಸಿಗುವುದಿಲ್ಲ. ಪದ ಬಿಡಿಸಬೇಕು, ಮತ್ತೆ ಕೂಡಿಸಬೇಕು, ಇನ್ನೊಂದು ಸಲ ಗಟ್ಟಿಯಾಗಿ ಓದಬೇಕು.

ಪಾಠಕ್ಕಿದ್ದದ್ದು ಉದ್ಯೋಗಪರ್ವದ ಭಾಗ. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ಬಳಿಗೆ ಕರೆದು ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುವ ಸಂದರ್ಭ. ಅದೇ ದಿನ ಬೆಳಗ್ಗೆ ನಾವು ಬಿಳಿಗಣ್ಣಿನ ಗಂಡುನೊಣಗಳನ್ನು ಎಣಿಸಿ, ತಾಯಿಯಿಂದ ಮಗನಿಗೆ ಏನು ಬಂತು ಎಂದು ಕೋಷ್ಟಕ ಬರೆದಿದ್ದೆವು. ಮಧ್ಯಾಹ್ನ ಅದೇ ಬೆಂಚಿನವರು ಕೂತು, ತಾಯಿ ಯಾರೆಂದು ತಿಳಿದ ಮಗನೊಬ್ಬ ಆ ತಿಳಿವನ್ನು ಏನು ಮಾಡಿದ ಎಂದು ಓದಿದೆವು. ವಂಶ ಗೊತ್ತಾಯಿತು, ರಾಜ್ಯವೂ ಸಿಗುವಂತಿತ್ತು, ಆದರೂ ಕರ್ಣ ಅನ್ನ ಕೊಟ್ಟವನನ್ನು ಬಿಟ್ಟು ಬರಲಿಲ್ಲ. ನನ್ನ ಪಕ್ಕದವಳು ಮೆಲ್ಲಗೆ, “ಇದು ಯಾವ ಕ್ರೋಮೋಸೋಮಿನಲ್ಲಿ ಬರುತ್ತೇ?” ಎಂದಳು. ಮೇಡಂ ಕೇಳಿಸಿಕೊಂಡರು. ಪ್ರಶ್ನೆ ಚೆನ್ನಾಗಿದೆ, ಎಲ್ಲರಿಗೂ ಕೇಳುವಂತೆ ಹೇಳಮ್ಮ ಎಂದರು. ಆ ಗಂಟೆ ಪೂರ್ತಿ ಅದರ ಮೇಲೇ ಮಾತು ನಡೆಯಿತು. ಎರಡು ತರಗತಿಗಳು ಒಂದೇ ದಿನ, ಒಂದೇ ತಲೆಯೊಳಗೆ ಬಂದು ಕೂಡದೇ ಹೋಗಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಹಿಂದಿನ ಬೆಂಚುಗಳೂ ತುಂಬಿಕೊಂಡವು.

ಕನ್ನಡಕ್ಕೂ ಸಸ್ಯಶಾಸ್ತ್ರಕ್ಕೂ ನಂಟು ನಾವು ಕಟ್ಟಿದ್ದೇನೂ ಅಲ್ಲ. ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಇದ್ದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಎಂದು ಬರೆದರು, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗ್ರಂಥಾಲಯದಿಂದ ಅದನ್ನು ತಂದು ರೈಲಿನಲ್ಲಿ ಓದುತ್ತಿದ್ದೇನೆ. ಬ್ಲೇಡು ಹಿಡಿಯುವ ಕೈಯೇ ಅಂಥ ಕನ್ನಡವನ್ನು ಬರೆಯಿತು ಎಂಬುದು ನನ್ನ ಪಾಲಿಗೆ ದೊಡ್ಡ ಆಸರೆ.

ಇಂಗ್ಲಿಷ್ ತರಗತಿ ಶನಿವಾರಕ್ಕೂ ಹರಡಿಕೊಂಡಿದೆ, ಅದಿನ್ನೂ ಕುದುರಿಲ್ಲ. ಸಂವಿಧಾನದ ತರಗತಿಗೆ ವಾರದಲ್ಲಿ ಸಿಗುವ ಹೊತ್ತು ಕಡಿಮೆ. ಆದರೆ 51ಎ ವಿಧಿ ಓದಿದ ದಿನ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕರ ಕರ್ತವ್ಯ ಎಂದು 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನದಲ್ಲೇ ಬರೆದಿದೆ. ನಾವು ಲ್ಯಾಬಿನಲ್ಲಿ ಮಾಡುವುದಕ್ಕೆ ದೇಶದ ಕಾನೂನಿನ ಪುಸ್ತಕದಲ್ಲಿ ಒಂದು ಸಾಲಿನ ಜಾಗ ಇದೆ.

ರೈಲಿನಲ್ಲಿ ಜೊತೆಗೆ ಬರುವ, ಬಿ.ಕಾಂ. ಮುಗಿಸಿದ ಅಕ್ಕನೊಬ್ಬರು ತಮ್ಮ ಕಾಲದ ಮುಕ್ತ ಐಚ್ಛಿಕದ ಬಗ್ಗೆ ಹೇಳುತ್ತಿರುತ್ತಾರೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ಪದ್ಧತಿಯಲ್ಲಿ ತಮ್ಮ ವಿಭಾಗದ ಹೊರಗಿನ ಒಂದು ವಿಷಯ ಆರಿಸಿಕೊಳ್ಳಬೇಕಿತ್ತು. ಅವರು ಸಸ್ಯಶಾಸ್ತ್ರದವರು ಹೇಳುವ ತೋಟಗಾರಿಕೆ ತೆಗೆದುಕೊಂಡಿದ್ದರಂತೆ. ಕಸಿ ಕಟ್ಟುವುದನ್ನು ಅಲ್ಲಿ ಕಲಿತು, ಈಗ ಮನೆಯ ಹಿತ್ತಲಿನಲ್ಲಿ ಮಾವಿಗೆ ತಾವೇ ಕಸಿ ಕಟ್ಟಿದ್ದಾರೆ, ಚಿಗುರಿದೆ. 2024ರಲ್ಲಿ ಸರ್ಕಾರ ಆ ನಾಲ್ಕು ವರ್ಷದ ಪದ್ಧತಿಯನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ನಾಲ್ಕು ವರ್ಷ ಓದಿಸಲಾಗದ ಮನೆಗಳಿಗೆ ಅದರಿಂದ ಉಪಕಾರವಾಗಿದೆ, ನಮ್ಮ ಮನೆಯೂ ಅಂಥದೇ. ಆದರೆ ಲೆಕ್ಕಪತ್ರದ ಹುಡುಗಿ ಮಾವಿನ ಕಸಿ ಕಲಿಯುವ ಬಾಗಿಲು ತೆರೆದೇ ಇರಬೇಕಿತ್ತು ಎಂದು ಅಕ್ಕನ ಮಾತು ಕೇಳಿದಾಗಲೆಲ್ಲ ಅನ್ನಿಸುತ್ತದೆ.

ಪಠ್ಯಕ್ರಮ ರೂಪಿಸುವ ಹಿರಿಯರಲ್ಲಿ ನನ್ನದು ಒಂದೇ ಬೇಡಿಕೆ. ಮುಂದಿನ ಸಲ ಪಟ್ಟಿ ತಿದ್ದುವಾಗ ವಿಜ್ಞಾನ ಓದುವವರ ಕನ್ನಡದ ಗಂಟೆಗಳಿಗೆ ಕೈ ಹಚ್ಚಬೇಡಿ. ವಾಣಿಜ್ಯ ಓದುವವರಿಗೆ ಗಿಡಮರದ ಒಂದು ತರಗತಿಯನ್ನಾದರೂ ಮರಳಿ ಕೊಡಿ.