ಯಾತನೆಗೆ ಎಷ್ಟು ಹಾಕೋಣ?

“ಮಾನಸಿಕ ಯಾತನೆಗೆ ಎಷ್ಟು ಹಾಕೋಣ?” ಎಂದು ಲಾಯರ್ ಗೆಳೆಯ ಕೇಳಿದಾಗ ಅವನ ದನಿ ಥೇಟ್ ನಮ್ಮ ಬೀದಿಯ ಟೈಲರಿನದೇ ಆಗಿತ್ತು. ತೋಳು ಎಷ್ಟುದ್ದ ಇಡಲಿ, ಕಾಲರಿಗೆ ಬಕ್ರಂ ಬೇಕೇ ಎನ್ನುವ ಹಾಗೆ. ನಾನು ತಬ್ಬಿಬ್ಬಾದೆ. ಯಾತನೆಯೇನೋ ಇತ್ತು, ಆದರೆ ಅದಕ್ಕೆ ಟೇಪು ಹಿಡಿದಿರಲಿಲ್ಲ.

“ಎಲ್ರೂ ಎಷ್ಟು ಹಾಕ್ತಾರೆ?”

“ಅದು ಅವರವರ ಯಾತನೆ. ನೀನು ಐವತ್ತು ಸಾವಿರ ಕೇಳು, ಐದು ಬರುತ್ತೆ.”

“ಐದು ಲಕ್ಷ ಕೇಳಿದ್ರೆ ಐವತ್ತು ಬರುತ್ತಾ?”

“ಬರಲ್ಲ. ನಗ್ತಾರೆ.”

ಇಷ್ಟಕ್ಕೆಲ್ಲ ಕಾರಣ ಅಪ್ಪನ ಮೊಬೈಲು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎಸ್‌ಟಿಡಿ ಕಾಲದಲ್ಲಿ, ರಾತ್ರಿ ದರ ಕಾಲುಭಾಗಕ್ಕೆ ಇಳಿಯುವವರೆಗೆ ಕಾದಿದ್ದು ಬೆಂಗಳೂರಿನ ಅತ್ತೆಯನ್ನು ನಿದ್ದೆಯಿಂದ ಎಬ್ಬಿಸಿ ಕ್ಷೇಮ ವಿಚಾರಿಸುತ್ತಿದ್ದ ಮನುಷ್ಯ. ಮೊಬೈಲಿಗೆ ಒಳಬರುವ ಕರೆಗೂ ದುಡ್ಡು ಕೀಳುತ್ತಿದ್ದಷ್ಟು ದಿನ ಅದನ್ನು ಕೈಯಿಂದಲೂ ಮುಟ್ಟಲಿಲ್ಲ. 2003ರಲ್ಲಿ ಇನ್‌ಕಮಿಂಗ್ ಪುಕ್ಕಟೆಯಾದ ಮೇಲೆ ಒಂದು ಸೆಟ್ಟು ಕೊಂಡು, ಅದರ ಮೂಲಕ ಕಾಸು ಖರ್ಚಾಗದಂತೆ ಸಂಸಾರ ನಡೆಸುವ ಒಂದು ಸಂಹಿತೆಯನ್ನೇ ರಚಿಸಿದರು. ಒಂದು ರಿಂಗ್ ಬಂದು ನಿಂತರೆ ‘ಕ್ಷೇಮವಾಗಿ ತಲುಪಿದೆ’. ಎರಡಾದರೆ ‘ಬಸ್‌ಸ್ಟಾಂಡಿಗೆ ಸ್ಕೂಟರ್ ತಗೊಂಡು ಬಾ’. ಮೂರನೆಯದೂ ಬಂದರೆ ಎತ್ತಬಹುದು, ಏನೋ ಅನಾಹುತವಾಗಿದೆ ಎಂದರ್ಥ.

ಅಮ್ಮನಿಗೆ ಮೊದಮೊದಲು ತಾಳ್ಮೆ ಸಾಲುತ್ತಿರಲಿಲ್ಲ. ಗಂಡ ಬಸ್ಸಿಳಿದನೋ ಇಲ್ಲವೋ ಎಂಬ ಆತಂಕದಲ್ಲಿ ಮೊದಲ ರಿಂಗಿಗೇ ಎತ್ತಿಬಿಡುವಳು. ಆ ಕಡೆಯಿಂದ ಅಪ್ಪನ ಆರ್ತನಾದ: “ಎತ್ಬೇಡ ಅಂದ್ನಲ್ಲೇ, ದುಡ್ಡು ಹೋಗತ್ತೆ!” ಅಷ್ಟು ಹೇಳುವುದರೊಳಗೆ ಒಂದು ನಿಮಿಷದ ದುಡ್ಡು ಹೋಗಿರುತ್ತಿತ್ತು. ಮುಂದೆ ನಾನೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಟ್ಟು, ಅನ್‌ಲಿಮಿಟೆಡ್ ಕಾಲ್ ಇದೆ, ಎಷ್ಟು ಬೇಕಾದರೂ ಮಾತಾಡಿ ಎಂದೆ. “ಅನ್‌ಲಿಮಿಟೆಡ್ ಅನ್ನೋದು ಗಣಿತದಲ್ಲಿದೆ, ಕಂಪನಿಗಳಲ್ಲಿ ಇರಲ್ಲ” ಎಂದರು. ಮಿಸ್ಡ್ ಕಾಲ್ ಮುಂದುವರಿಯಿತು.

ಅಪ್ಪ ಹೋದ ಹದಿನೈದನೇ ದಿನ ಮರಣ ಪ್ರಮಾಣಪತ್ರದ ಜೆರಾಕ್ಸ್ ಹಿಡಿದು ಕಂಪನಿಯ ಅಂಗಡಿಗೆ ಹೋದೆ. ಟೈ ಕಟ್ಟಿದ್ದ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಕನೆಕ್ಷನ್ ಬಿಡ್ತಿರೋ ಕಾರಣ ಏನು ಸರ್? ಸರ್ವಿಸ್ ಇಷ್ಟ ಆಗ್ಲಿಲ್ವಾ?” ಎಂದ. ಇಷ್ಟವಾಗಿತ್ತು, ಆದರೆ ಗಿರಾಕಿ ಇಲ್ಲ ಎಂದೆ. ಸಹಿ ಹಾಕಿಸಿಕೊಂಡು ಕಳಿಸಿದ.

ಐದು ತಿಂಗಳಾದ ಮೇಲೆ ಅಪ್ಪನ ಹೆಸರಿಗೆ ₹38,642ರ ಬಿಲ್ಲು ಬಂತು. ಅಂತರರಾಷ್ಟ್ರೀಯ ರೋಮಿಂಗ್, ದುಬೈ.

ಕಾಶಿಗೆ ಹೋದಾಗಲೂ ರೋಮಿಂಗ್ ಭಯಕ್ಕೆ ಮೊಬೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಹೋಗಿದ್ದ ನಮ್ಮಪ್ಪ, ಸತ್ತ ಮೇಲೆ ದುಬೈಗೆ ಹೋಗಿ ದಿನಕ್ಕೆ ಗಂಟೆಗಟ್ಟಲೆ ಮಾತಾಡಿದ್ದರು. ಬಿಲ್ಲನ್ನು ಕೈಯಲ್ಲಿ ಹಿಡಿದು ನಾನು ಮೊದಲು ನಕ್ಕೆ. ಆಮೇಲೆ, ಸುಳ್ಳು ಯಾಕೆ, ಒಂದು ಕ್ಷಣ ಸಂತೋಷವೂ ಆಯಿತು. ಕೊನೆಗಾದರೂ ಮನುಷ್ಯ ಕೈಬಿಚ್ಚಿ ಖರ್ಚು ಮಾಡಿದನಲ್ಲ!

ಆಗಿದ್ದು ಇಷ್ಟು. ಬಿಟ್ಟ ನಂಬರನ್ನು 90 ದಿನ ಸುಮ್ಮನೆ ಇಟ್ಟು, ಆಮೇಲೆ ಬೇರೆಯವರಿಗೆ ಕೊಡುವುದು ಪದ್ಧತಿ. ಅಪ್ಪನ ನಂಬರು ಯಾರೋ ಪುಣ್ಯಾತ್ಮನಿಗೆ ಹೋಗಿತ್ತು. ಆತ ದುಬೈಗೆ ಹೋಗಿದ್ದ. ಕಂಪನಿಯವರು ನಂಬರನ್ನು ಅವನಿಗೆ ಕೊಟ್ಟು, ಖಾತೆಯನ್ನು ಮಾತ್ರ ಅಪ್ಪನ ಹೆಸರಲ್ಲೇ ಉಳಿಸಿಕೊಂಡಿದ್ದರು. ಒಂದು ಗುಂಡಿ ಒತ್ತಿದ್ದರೆ ಸರಿಹೋಗುವ ತಪ್ಪು. ಆ ಗುಂಡಿ ಎಲ್ಲಿದೆ ಎಂದು ಹುಡುಕುವುದರಲ್ಲಿ ನನಗೆ ಏಳು ತಿಂಗಳು ಹಿಡಿಯಿತು.

ಕಸ್ಟಮರ್ ಕೇರಿಗೆ ಫೋನು ಮಾಡಿದರೆ “ನೋಂದಾಯಿತ ಗ್ರಾಹಕರೇ ಮಾತಾಡಬೇಕು ಸರ್” ಎಂದರು. ಅವರು ತೀರಿಕೊಂಡಿದ್ದಾರೆ ಎಂದೆ. “ಓಕೆ ಸರ್, ಅವರ ಕೈಲೇ ಒಂದು ಮೇಲ್ ಹಾಕ್ಸಿ” ಎಂದರು. ಇನ್ನೊಮ್ಮೆ ಮಾಡಿದಾಗ ಸಿಕ್ಕ ಹುಡುಗಿ ಬಹಳ ಒಳ್ಳೆಯವಳು. ಎಲ್ಲ ಕೇಳಿಸಿಕೊಂಡು, “ಈಗ್ಲೇ ಸರಿಮಾಡ್ತೀನಿ ಸರ್, ನಿಮ್ಮ ತಂದೆಯವರ ನಂಬರಿಗೆ ಒಂದು ಒಟಿಪಿ ಬಂದಿರುತ್ತೆ, ಹೇಳಿ” ಎಂದಳು. ಆ ಒಟಿಪಿ ಅಷ್ಟು ಹೊತ್ತಿಗೆ ದುಬೈ ತಲುಪಿತ್ತು.

ಮೇಲ್ಮನವಿ ಪ್ರಾಧಿಕಾರ ಎಂಬುದೊಂದು ಪ್ರತಿ ಟೆಲಿಕಾಂ ಕಂಪನಿಯಲ್ಲೂ ಇರಬೇಕು, 39 ದಿನಗಳಲ್ಲಿ ತೀರ್ಮಾನ ಕೊಡಬೇಕು ಎಂದು ಟ್ರಾಯ್‌ನ 2012ರ ನಿಯಮವಿದೆ. ನಲವತ್ತಲ್ಲ, ಮೂವತ್ತೊಂಬತ್ತು. ಈ ಅಂಕಿಯನ್ನು ಹಾಕಿದವರೂ ಗಣಿತದ ಮೇಷ್ಟ್ರೇ ಇರಬೇಕೆಂದು ನನಗೆ ಅವರ ಮೇಲೆ ಗೌರವ ಹುಟ್ಟಿತು. ಬರೆದೆ. ಉತ್ತರವೂ ಬಂತು: ‘ಪ್ರಿಯ ವೆಂಕಟೇಶ್ ಅವರೇ, ನಿಮ್ಮ ಬಿಲ್ ಸರಿಯಾಗಿದೆ.’

ಅಷ್ಟರಲ್ಲಿ ವಸೂಲಿಯವರ ಫೋನು ಶುರುವಾಗಿತ್ತು. ಮನೆಯ ನಂಬರಿಗೇ ಮಾಡುವರು, ಅದೂ ಅಮ್ಮ ಒಬ್ಬಳೇ ಇರುವ ಹೊತ್ತಿಗೆ. ಒಂದು ದಿನ ನಾನು ಆಫೀಸಿನಿಂದ ಬೇಗ ಬಂದವನು ಬಾಗಿಲಲ್ಲೇ ನಿಂತೆ. ಫೋನಿನಲ್ಲಿದ್ದ ಹುಡುಗ ವೆರಿಫಿಕೇಶನ್‌ಗೆ ಯಜಮಾನರ ಹೆಸರು ಹೇಳಿ ಎಂದು ಕೇಳಿದ್ದ. ಐವತ್ತೆರಡು ವರ್ಷದ ದಾಂಪತ್ಯದಲ್ಲಿ ಅಮ್ಮ ಒಂದೇ ಒಂದು ಸಲ, ಮದುವೆ ಮನೆಯಲ್ಲಿ ಎಲ್ಲರೂ ಸೇರಿ ಪೀಡಿಸಿದ್ದಕ್ಕೆ ಆ ಹೆಸರು ಹೇಳಿದ್ದವಳು.

“ಅದು ಹೇಳೋ ಹಾಗಿಲ್ಲಪ್ಪ.”

“ಹೇಳ್ಲೇಬೇಕು ಮೇಡಂ, ಸಿಸ್ಟಂ ಕೇಳುತ್ತೆ.”

“ತಿರುಪತೀಲಿ ಇದಾನಲ್ಲ, ಅವನ ಹೆಸರು.”

“ಬಾಲಾಜಿನಾ? ಇಲ್ಲಿ ಹಾಗಿಲ್ವಲ್ಲ ಮೇಡಂ.”

“ಅಯ್ಯೋ, ಕನ್ನಡದಲ್ಲಿ ಹೇಳಪ್ಪ!”

“ವೆಂಕಟೇಶ್?”

“ಹ್ಞೂಂ” ಎಂದಳು ಅಮ್ಮ. ಎಪ್ಪತ್ತೆರಡರ ಮುಖ ಒಂದಿಷ್ಟು ಕೆಂಪಾಯಿತು.

ವರ್ಷಾಂತಿಕದ ದಿನ ನಡೆದದ್ದನ್ನು ಹೇಳದೆ ಇರಲಾರೆ. ಪುರೋಹಿತರು ಗೋತ್ರ ಹೇಳಿ, ಅಪ್ಪ, ತಾತ, ಮುತ್ತಾತ ಮೂವರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ನಾನು ದರ್ಭೆ ತೊಟ್ಟ ಕೈಯಲ್ಲಿ ಎಳ್ಳುನೀರು ಬಿಡುತ್ತಿದ್ದೆ. ಪಕ್ಕದಲ್ಲಿದ್ದ ಫೋನು ಬಡಿದುಕೊಂಡಿತು. ತಂಗಿಯ ಮಗ ಸ್ಪೀಕರ್ ಒತ್ತಿಬಿಟ್ಟ. “ವೆಂಕಟೇಶ್ ಅವರಿದ್ದಾರಾ?” ಒಂದು ಕಡೆಯಿಂದ ಪುರೋಹಿತರು, ಇನ್ನೊಂದು ಕಡೆಯಿಂದ ಕಂಪನಿ, ಇಬ್ಬರೂ ಅದೇ ಮನುಷ್ಯನನ್ನು ಕೂಗುತ್ತಿದ್ದರು. ಪುರೋಹಿತರು ಮಂತ್ರ ನಿಲ್ಲಿಸಿ ಯಾರದು ಎಂದು ಹುಬ್ಬಿನಲ್ಲೇ ಕೇಳಿದರು. “ಅಪ್ಪಂಗೆ” ಎಂದೆ. ಅವರು ತಡಬಡಾಯಿಸದೆ “ಆಮೇಲೆ ಮಾಡೋಕೆ ಹೇಳಿ, ಈಗ ಬಂದಿದಾರೆ” ಎಂದರು. ಹಿತ್ತಲಲ್ಲಿಟ್ಟ ಪಿಂಡವನ್ನು ಕಾಗೆ ಬಂದು ಮುಟ್ಟಿತು. ಹೋದವರು ತೃಪ್ತರಾದರು ಎಂದು ಎಲ್ಲರೂ ನಿಟ್ಟುಸಿರಿಟ್ಟರು. ಕಂಪನಿಗೆ ಮಾತ್ರ ತೃಪ್ತಿಯಾಗಲಿಲ್ಲ, ಸಂಜೆ ಮತ್ತೆ ಮಾಡಿದರು.

ಮಾರನೆಯ ದಿನವೇ ನಾನು ಗೆಳೆಯನ ಆಫೀಸಿನ ಮೆಟ್ಟಿಲು ಹತ್ತಿದ್ದು.

ಅವನು ಹೇಳಿದ್ದರಲ್ಲಿ ಕೆಲವು ನನಗೆ ಬಹಳ ರುಚಿಸಿದವು. ಗ್ರಾಹಕ ತೀರಿಕೊಂಡರೆ ಅವನ ವಾರಸುದಾರ ದೂರು ಕೊಡಬಹುದಂತೆ. ಅಂದರೆ ಅಪ್ಪ ನನಗೆ ಬಿಟ್ಟುಹೋದ ಸ್ವಯಾರ್ಜಿತ ಆಸ್ತಿ ಮೂರು: ಎಚ್‌ಎಂಟಿ ಗಡಿಯಾರ, ನಲವತ್ತೊಂದು ಲೆಕ್ಕದ ಪುಸ್ತಕ, ಈ ದೂರು. ಕೊಂಡ ಸರಕಿನ ಅಥವಾ ಸೇವೆಯ ಬೆಲೆ ಐದು ಲಕ್ಷ ದಾಟದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವೂ ಇಲ್ಲ. ವಕೀಲರಿಲ್ಲದೆ ನಾವೇ ನಿಂತು ವಾದಿಸಬಹುದು ಎಂದು ಅವನೇ ಹೇಳಿದ. ವಕೀಲನ ಬಾಯಿಂದ ಆ ಮಾತು ಬಂದದ್ದಕ್ಕೆ ನಾನವನಿಗೆ ಮಸಾಲೆ ದೋಸೆ ಕೊಡಿಸಿದೆ.

“ನಿನ್ನ ಅದೃಷ್ಟ. ಸ್ವಲ್ಪ ವರ್ಷ ಹಿಂದೆ ಬಂದಿದ್ರೆ ವಾಪಸ್ ಕಳಿಸ್ತಿದ್ರು” ಎಂದು ದೋಸೆ ಮುರಿಯುತ್ತ ಹೇಳಿದ. ಫೋನ್ ಬಿಲ್ಲಿನ ಜಗಳ ಗ್ರಾಹಕರ ವೇದಿಕೆಗೆ ಬರುವಂತಿಲ್ಲ, 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಮಧ್ಯಸ್ಥಿಕೆಗೆ ಹೋಗಬೇಕು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತಂತೆ. ತಂತಿ ಸೇವೆಯೇ 2013ರಲ್ಲಿ ಕಣ್ಣುಮುಚ್ಚಿತು. ಆಗಲೂ ಆ ಕಾಯ್ದೆ ಬದುಕಿತ್ತು. 2022ರ ಫೆಬ್ರವರಿಯಲ್ಲಿ ಅದೇ ಕೋರ್ಟು, ಇಲ್ಲ, ಫೋನಿನವರ ಮೇಲೂ ಗ್ರಾಹಕ ದೂರು ಕೊಡಬಹುದು ಎಂದಿತು. ನಮ್ಮ ಚಿಕ್ಕಂದಿನಲ್ಲಿ ತಂತಿ ಬಂತೆಂದರೆ ಒಕ್ಕಣೆ ಓದುವ ಮೊದಲೇ ಅಳು ಶುರುವಾಗುತ್ತಿತ್ತು. ಮಾನಸಿಕ ಯಾತನೆಗೆ ಪರಿಹಾರ ಕೇಳಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಅದನ್ನು ಕೇಳುವ ಹಕ್ಕು ನಮಗಿದೆ ಎಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 1993ರಲ್ಲಿ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೇಲಿನ ಪ್ರಕರಣದಲ್ಲಿ. ಬರಿಯ ಕೈಬಿಟ್ಟ ಕಾಸಲ್ಲ, ಅಲೆದಾಟಕ್ಕೂ ಸಂಕಟಕ್ಕೂ ಬೆಲೆಯುಂಟು ಎಂದು. ಸರಿ, ಎಷ್ಟು? ಎಲ್ಲರಿಗೂ ಒಂದೇ ಅಳತೆ ಇಲ್ಲ, ಪ್ರಕರಣ ನೋಡಿ ಕಟ್ಟಬೇಕು ಎಂದು 2004ರಲ್ಲಿ ಇನ್ನೊಂದು ತೀರ್ಪು. ಮತ್ತೆ ಟೈಲರ್ ಅಂಗಡಿಗೇ ಬಂದೆವು.

ರಾತ್ರಿ ಕಾಗದ ಪೆನ್ನು ಹಿಡಿದು ಯಾತನೆಯ ಪಟ್ಟಿ ಬರೆಯಲು ಕೂತೆ. ಬಿಪಿ ಏರಿದೆ. ಆದರೆ ಡಾಕ್ಟರು ಉಪ್ಪಿನಕಾಯಿ ಬಿಡಿ ಎಂದದ್ದು ಬಿಲ್ಲು ಬರುವ ಎರಡು ವರ್ಷ ಮೊದಲು. ನಿದ್ದೆ ಹೋಗಿದೆ. ಅದರಲ್ಲಿ ಅರ್ಧ ಪಕ್ಕದ ಸೈಟಿನವರು ಬೋರ್‌ವೆಲ್ ಕೊರೆಸಿದ್ದಕ್ಕೆ. ಹೆಂಡತಿಯ ಜೊತೆ ಜಗಳವಾಗಿದೆ. ಇದನ್ನು ಕಂಪನಿಯ ತಲೆಗೆ ಕಟ್ಟಿದರೆ ದೇವರು ಮೆಚ್ಚುವುದಿಲ್ಲ. ಕಲಬೆರಕೆಯಿಲ್ಲದ, ಶುದ್ಧ ಬಿಲ್ಲಿನ ಯಾತನೆಯನ್ನೇ ತೂಗಿದರೆ ಉಳಿಯುವುದು ವಸೂಲಿಯ 63 ಕರೆಗಳು. ಬಂದ ದಿನ, ಗಂಟೆ ಸಮೇತ ಬರೆದಿಟ್ಟಿದ್ದೆ. ಆ ಚಟ ಅಪ್ಪನದು.

ಅಪ್ಪನ ಲೆಕ್ಕದ ಪುಸ್ತಕಗಳಲ್ಲಿ ಇದಕ್ಕೊಂದು ದರ ಸಿಕ್ಕೀತೇ ಎಂದು ತೆಗೆದೆ. 1984ರ ಪುಸ್ತಕದಲ್ಲಿ, ಸೀಮೆಎಣ್ಣೆ, ಹಾಲು, ನನ್ನ ಸ್ಲೇಟು ಇವುಗಳ ನಡುವೆ ಒಂದು ಸಾಲಿತ್ತು: ‘ಬೆಲ್ಲ, 1 ಉಂಡೆ, ಶೆಟ್ಟರ ತಪ್ಪಿಗೆ.’ ನೆನಪಾಯಿತು. ಕಿರಾಣಿ ಅಂಗಡಿಯವರು ಎರಡು ರೂಪಾಯಿ ಹೆಚ್ಚಿಗೆ ಬರೆದುಕೊಂಡಿದ್ದರು. ಅಪ್ಪ ಹೋಗಿ ಲೆಕ್ಕ ತೋರಿಸಿದಾಗ “ತಪ್ಪಾಯ್ತು ಮೇಷ್ಟ್ರೇ” ಎಂದು ಹಣ ಹಿಂದಿರುಗಿಸಿ, ಜೊತೆಗೆ ಬಂದಿದ್ದ ನನ್ನ ಕೈಗೊಂದು ಬೆಲ್ಲದುಂಡೆ ಇಟ್ಟಿದ್ದರು. ದಾರಿಯಲ್ಲಿ ನಾನದನ್ನು ಮುಗಿಸಿದ್ದೆ. ಅಪ್ಪ ಅದನ್ನೂ ಜಮಾಕ್ಕೆ ಹಿಡಿದಿದ್ದರು. ಬೆಲೆಯ ಕಾಲಂ ಖಾಲಿ ಬಿಟ್ಟಿದ್ದರು. ನಲವತ್ತೊಂದು ಪುಸ್ತಕದಲ್ಲಿ ನಾನು ಕಂಡ ಒಂದೇ ಖಾಲಿ ಕಾಲಂ ಅದು.

ಅಮ್ಮನನ್ನೂ ಕೇಳಿದೆ. “ನಿಂದೂ ಸೇರಿಸ್ಬೇಕು, ನಿನ್ನ ಯಾತನೆಗೆ ಎಷ್ಟು ಬರೀಲಿ?”

ಅವಳು ಹುರುಳಿಕಾಯಿ ಸೋಸುತ್ತಿದ್ದಳು. “ನಂಗೇನಾಗಿತ್ತು? ದಿನಾ ಒಂದ್ಸಲ ಅವ್ರ ಹೆಸರು ಕಿವಿ ಮೇಲೆ ಬೀಳ್ತಿತ್ತು. ನಿಮಗೆಲ್ಲ ಅದಕ್ಕೆ ಬಿಡುವೆಲ್ಲಿದೆ?”

ಆ ಕಾಲಮ್ಮಿನಲ್ಲಿ ಅಮ್ಮನ ಪಾಲು ಬರೆಯಲಿಲ್ಲ. ಐವತ್ತು ಸಾವಿರವೆಂದೇ ಹಾಕಿ ದೂರು ಕೊಟ್ಟೆ.

ಮಥುರಾದ ವಕೀಲರೊಬ್ಬರು 1999ರಲ್ಲಿ ರೈಲ್ವೆಯವರು ಎರಡು ಟಿಕೆಟ್ಟಿಗೆ 70ರ ಬದಲು 90 ರೂಪಾಯಿ ಹಿಡಿದರೆಂದು ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ, ನೂರಕ್ಕೂ ಹೆಚ್ಚು ಸಲ ಹಾಜರಾಗಿ, 2022ರಲ್ಲಿ ಗೆದ್ದರು. ಇಪ್ಪತ್ತು ರೂಪಾಯಿ ಶೇಕಡಾ 12ರ ಬಡ್ಡಿಯೊಡನೆ, ಮೇಲೆ 15 ಸಾವಿರ. ಅಪ್ಪ ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದರು, ದೇವರ ಪಟದಂತೆ. ನನಗೆ ಅಷ್ಟು ಆಯಸ್ಸು ಬೇಕಾಗಲಿಲ್ಲ. ನೋಟಿಸು ಮುಟ್ಟುತ್ತಿದ್ದಂತೆ, ಏಳು ತಿಂಗಳು ಸಿಗದಿದ್ದ ಗುಂಡಿ ಕಂಪನಿಯವರಿಗೆ ಒಂದೇ ದಿನದಲ್ಲಿ ಸಿಕ್ಕಿತು. ಬಿಲ್ಲು ಸೊನ್ನೆಯಾಯಿತು. ಸೌಹಾರ್ದದ ಕುರುಹಾಗಿ ಅಪ್ಪನ ಮುಂದಿನ ತಿಂಗಳ ಬಾಡಿಗೆಯಲ್ಲಿ ₹500 ವಿನಾಯಿತಿ ಎಂದೂ ತಿಳಿಸಿದರು. ಅದನ್ನು ನಾನು ಆಯೋಗದ ಮುಂದೆ ಗಟ್ಟಿಯಾಗಿ ಓದಿ ಹೇಳಿದಾಗ ಕಂಪನಿಯ ಎಳೆಯ ವಕೀಲನೇ ಮೊದಲು ನಕ್ಕ. ಕೊನೆಗೆ ಯಾತನೆಗೆ ಐದು ಸಾವಿರ, ಖರ್ಚಿಗೆ ಎರಡು ಸಾವಿರ ಎಂದಾಯಿತು. ಗೆಳೆಯನ ಅಂದಾಜು ಕರಾರುವಾಕ್ಕು. ಮನೆಗೆ ಬಂದು ಐದು ಸಾವಿರವನ್ನು 63ರಿಂದ ಭಾಗಿಸಿದೆ. ಕರೆಗೆ 79 ರೂಪಾಯಿ 36 ಪೈಸೆ ಬಿತ್ತು.

ತಿಂಗಳೊಪ್ಪತ್ತಿನಲ್ಲಿ ಚೆಕ್ಕು ಬಂತು. ವೆಂಕಟೇಶ್ ಹೆಸರಿಗೆ.

“ಇನ್ನೊಂದು ಕೇಸ್ ಹಾಕೋಣ್ವಾ?” ಎಂದು ಗೆಳೆಯ ಉತ್ಸಾಹದಿಂದ ಕೇಳಿದ. ಬೇಡವೆಂದೆ. ಬದಲಿ ಚೆಕ್ಕಿಗೆ ಒಂದು ಕಾಗದ ಬರೆದು ಹಾಕಿ, ಈ ಚೆಕ್ಕಿನ ಜೆರಾಕ್ಸನ್ನು 1984ರ ಪುಸ್ತಕದಲ್ಲಿ ಬೆಲ್ಲದ ಸಾಲಿನ ಪಕ್ಕಕ್ಕೆ ಸಿಕ್ಕಿಸಿಟ್ಟೆ.

ಫೋನು ನಿಂತುಹೋಯಿತು. ನಾಲ್ಕೂವರೆಯ ಹೊತ್ತಿಗೆ ಅಮ್ಮ ಕಾಫಿ ಲೋಟ ಹಿಡಿದು ಫೋನಿನ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದಳು. ಒಂದು ಭಾನುವಾರ, ಅವಳು ಎದ್ದು ಅಡುಗೆಮನೆಗೆ ಹೋದದ್ದು ನೋಡಿಕೊಂಡು, ನನ್ನ ಮೊಬೈಲಿನಲ್ಲಿ ಇನ್ನೂ ‘ಅಪ್ಪ’ ಎಂದೇ ಇದ್ದ ನಂಬರನ್ನು ಒತ್ತಿದೆ. ಯಾಕೆ ಎಂದು ಕೇಳಿದರೆ ಆಯೋಗದ ಮುಂದೆಯೂ ಹೇಳಲಾರೆ. ಒಂದು ರಿಂಗ್ ಆಯಿತು. ಗಾಬರಿಯಾಗಿ ಕಟ್ ಮಾಡಿದೆ.

ಅರ್ಧ ನಿಮಿಷ ಕಳೆದಿರಬೇಕು. ಆ ಪುಣ್ಯಾತ್ಮ, ದುಬೈನಿಂದಲೋ ದಾವಣಗೆರೆಯಿಂದಲೋ, ತಿರುಗಿ ಮಾಡಿದ. ಮೇಜಿನ ಮೇಲೆ ಫೋನು ನಡುಗುತ್ತ, ‘ಅಪ್ಪ’ ಎಂದು ತೋರಿಸುತ್ತ ಬಡಿದುಕೊಳ್ಳತೊಡಗಿತು. ನಾನು ಕೈ ಚಾಚಿದೆ.

ಒಳಗಿನಿಂದ ಅಮ್ಮ ಕೂಗಿದಳು: “ಎತ್ಬೇಡ್ವೋ, ದುಡ್ಡು ಹೋಗತ್ತೆ!”