ಕರಿಯನಿಗೆ ಮೂರೇ ಕಾಲು

ನಾಯಿಗೆ ಸಹಿ ಹಾಕಲು ಬರುವುದಿಲ್ಲ. ಅದರ ಕಾಲು ತೆಗೆಯಬೇಕೆಂದು ವೈದ್ಯರು ಹೇಳಿದಾಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ಮನೆಯವರು. ಮನುಷ್ಯನಾದರೆ ಪ್ರಶ್ನೆ ಕೇಳುತ್ತಾನೆ, ವಾದಿಸುತ್ತಾನೆ, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಎನ್ನುತ್ತಾನೆ. ನಾಯಿ ಮಾತ್ರ ಮೇಜಿನ ಮೇಲೆ ಮಲಗಿ ತನ್ನವರ ಮುಖವನ್ನೇ ನೋಡುತ್ತಿರುತ್ತದೆ. ಆ ನೋಟವನ್ನು ಹೊತ್ತುಕೊಂಡು ಮನೆಗೆ ಬಂದವರಿಗೆ ಮುಂದಿನ ದಿನಗಳ ಆರೈಕೆಯಲ್ಲಿ ಗಾಯಕ್ಕಿಂತ ಹೆಚ್ಚು ಕಾಡುವುದು ತಮ್ಮದೇ ಮನಸ್ಸು.

ಮೈಸೂರಿನ ಹಳೆಯ ಬಡಾವಣೆಯೊಂದರ ರಾಯರ ಮನೆಯಲ್ಲಿ ಆದದ್ದೂ ಅದೇ. ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ಮನೆಯಲ್ಲಿ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಎಂಬತ್ತು ದಾಟಿದ ತಾಯಿ, ಮತ್ತೆ ಕರಿಯ. ಕರಿಯ ಜಾತಿನಾಯಿಯಲ್ಲ. ಮಳೆಗಾಲದ ಒಂದು ಸಂಜೆ ಚರಂಡಿಯ ಪಕ್ಕ ಕುಂಯ್‌ಗುಡುತ್ತಿದ್ದ ಬೀದಿಮರಿ. ಐದು ವರ್ಷದಲ್ಲಿ 22 ಕಿಲೋ ತೂಗುವಷ್ಟು ಬೆಳೆದು, ರಾಯರು ಬೆಳಿಗ್ಗೆ ಹಾಲಿನ ಬೂತಿಗೆ ಹೊರಟರೆ ಮುಂದೆ ಮುಂದೆ ದಾರಿ ತೋರಿಸುವ ಅಧಿಕಾರವನ್ನು ತಾನೇ ವಹಿಸಿಕೊಂಡಿದ್ದ. ಆ ಬೂತಿನ ತಿರುವಿನಲ್ಲೇ ಒಂದು ದಿನ ಗೂಡ್ಸ್ ಆಟೋ ಬಡಿಯಿತು.

ಎಲುಬು ಒಂದೂ ಮುರಿದಿರಲಿಲ್ಲ. ಆದರೂ ಬಲ ಮುಂಗಾಲು ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಬೆನ್ನುಹುರಿಯಿಂದ ಕಾಲಿಗೆ ಇಳಿಯುವ ನರಗಳ ಗೊಂಚಲು ಭುಜದ ಹತ್ತಿರ ಕಿತ್ತುಬಂದಿದೆ ಎಂದರು ಡಾಕ್ಟರು. ಬಲ್ಬು ಸರಿಯಾಗಿದ್ದರೂ ಕಂಬದಿಂದ ತಂತಿ ಕಳಚಿದರೆ ದೀಪ ಉರಿಯುವುದಿಲ್ಲವಲ್ಲ, ಹಾಗೆ. ಬೆರಳ ಸಂದಿಯನ್ನು ಚಿಮುಟದಿಂದ ಬಲವಾಗಿ ಒತ್ತಿದರೂ ಕರಿಯ ತಿರುಗಿ ನೋಡಲಿಲ್ಲ. ಕೆಲವು ವಾರ ಕಾಯೋಣ, ನರ ಚೇತರಿಸಿಕೊಂಡರೂ ಕೊಳ್ಳಬಹುದು ಎಂದು ಕಾದದ್ದಾಯಿತು. ಚೇತರಿಸಿಕೊಳ್ಳಲಿಲ್ಲ. ಮಡಿಚಿಕೊಂಡ ಪಾದ ನೆಲಕ್ಕೆ ಉಜ್ಜಿ ಉಜ್ಜಿ ಹುಣ್ಣಾಯಿತು. ತನ್ನದೆನ್ನುವ ಅರಿವೇ ಇಲ್ಲದ ಆ ಕಾಲನ್ನು ಕರಿಯ ಕಚ್ಚತೊಡಗಿದ.

“ಸಾರ್, ಇದು ಈಗ ಅವನಿಗೆ ಕಾಲಲ್ಲ, ಹೊರೆ. ಸೋಂಕು ಮೇಲೆ ಹತ್ತುವ ಮೊದಲು ತೆಗೆದುಬಿಡೋಣ” ಎಂದರು ಡಾಕ್ಟರು. ಹಾಗೆನ್ನುವ ಮುಂಚೆ ಅವರು ಉಳಿದ ಮೂರು ಕಾಲುಗಳ ಕೀಲು, ಸೊಂಟ, ಎದೆ ಎಲ್ಲವನ್ನೂ ಪರೀಕ್ಷಿಸಿದ್ದರು. ಮೂರು ಕಾಲಿನ ಬದುಕಿಗೆ ಉಳಿದ ಮೂರೂ ಗಟ್ಟಿಯಾಗಿರಬೇಕು. ಕೀಲುಗಳು ಸವೆದ ಮುದಿ ನಾಯಿಗೆ, ವಿಪರೀತ ದಪ್ಪಗಿರುವ ನಾಯಿಗೆ ಈ ದಾರಿ ಅಷ್ಟು ಸಲೀಸಲ್ಲ.

ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, “ಯಾಕೆ ಸ್ವಾಮಿ ಆ ಮೂಕ ಪ್ರಾಣಿಗೆ ಹಿಂಸೆ? ಒಂದು ಇಂಜೆಕ್ಷನ್ ಕೊಡಿಸಿಬಿಡಿ. ಅದಕ್ಕೂ ನೆಮ್ಮದಿ, ನಿಮಗೂ ನೆಮ್ಮದಿ” ಎಂದರು. ಅಜ್ಜಿಯದು ಬೇರೆಯೇ ಸಿಟ್ಟು. “ಅವನಿಗೆ ಕಾಲು ಬೇಕೋ ಬೇಡವೋ ಅಂತ ಹೇಳೋಕೆ ನೀನ್ಯಾರೋ?” ಎಂದು ಮಗನನ್ನು ಕೇಳಿದರು. ರಾಯರ ಹತ್ತಿರ ಎರಡಕ್ಕೂ ಉತ್ತರವಿರಲಿಲ್ಲ. ಮಾರನೆಯ ದಿನ ಹೋಗಿ ಸಹಿ ಹಾಕಿದರು.

ಶಸ್ತ್ರಚಿಕಿತ್ಸೆಯ ಮರುದಿನ ಸಂಜೆ ಕರಿಯ ಆಟೋದಲ್ಲಿ ಮನೆಗೆ ಬಂದ. ಮೊಣಕಾಲಿನ ತನಕವಾದರೂ ಏನಾದರೂ ಉಳಿದಿರುತ್ತದೆ ಎಂದುಕೊಂಡಿದ್ದವರಿಗೆ ಅಲ್ಲಿ ಏನೂ ಕಾಣಲಿಲ್ಲ. ಹೆಗಲ ಮೂಳೆಯ ಸಮೇತ ಕಾಲು ಹೋಗಿತ್ತು. ಬೋಳಿಸಿದ ಚರ್ಮದ ಮೇಲೆ ಗೋಣಿಚೀಲದ ಬಾಯಿ ಹೊಲಿದಂಥ ಉದ್ದನೆಯ ಹೊಲಿಗೆ, ಸುತ್ತ ಕಪ್ಪಗೆ ನೀಲಿಗಟ್ಟಿದ ಕಲೆ. ರಾಯರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು. ಸ್ವಲ್ಪವಾದರೂ ಉಳಿಸಬಾರದಿತ್ತೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಆದರೆ ಅರ್ಧ ಉಳಿದ ಕಾಲನ್ನು ನಾಯಿ ಊರಲು ಹೋಗುತ್ತದೆ, ನೆಲಕ್ಕೆ ಬಡಿದುಕೊಳ್ಳುತ್ತದೆ, ಅಲ್ಲಿ ಮತ್ತೆ ಹುಣ್ಣಾಗುತ್ತದೆ. ಕರಿಯನ ಮಟ್ಟಿಗಂತೂ ಆ ಅರ್ಧಕ್ಕೂ ಸ್ಪರ್ಶಜ್ಞಾನ ಇರುತ್ತಿರಲಿಲ್ಲ. ಪೂರ್ತಿ ತೆಗೆಯುವುದು ಕ್ರೌರ್ಯವಾಗಿ ಕಂಡರೂ ನಾಯಿಗೆ ಅದೇ ಹಿತ.

ಮೊದಲ ರಾತ್ರಿ ಯಾರೂ ಮಲಗಲಿಲ್ಲ. ಕರಿಯ ಏದುಸಿರು ಬಿಡುತ್ತಿದ್ದ, ಗೋಡೆ ನೋಡುತ್ತ ಸಣ್ಣಗೆ ಅಳುತ್ತಿದ್ದ. “ಕಾಲು ನೆನೆಸಿಕೊಂಡು ಅಳ್ತಿದಾನೆ” ಎಂದು ರಾಯರ ಹೆಂಡತಿ ಕಣ್ಣೊರೆಸಿಕೊಂಡರು. ನಿಜವೆಂದರೆ, ಅರಿವಳಿಕೆ ಇಳಿಯುವಾಗಲೂ ಕೆಲವು ಬಲವಾದ ನೋವಿನ ಔಷಧಿಗಳ ಪ್ರಭಾವದಲ್ಲೂ ನಾಯಿಗಳು ಹೀಗೆ ಕುಂಯ್‌ಗುಡುವುದುಂಟು. ನೋವಿದ್ದರೂ ಹೀಗೆಯೇ ಮಾಡುವುದುಂಟು. ಎರಡನ್ನೂ ಬೇರ್ಪಡಿಸಿ ಓದುವುದನ್ನು ಕಲಿಯುವುದೇ ಮನೆಯವರ ಮೊದಲ ಪಾಠ. ನೋವು ತಿನ್ನುತ್ತಿರುವ ನಾಯಿ ಅನೇಕ ವೇಳೆ ಸದ್ದು ಮಾಡುವುದಿಲ್ಲ. ಮಲಗಲಾರದೆ ಕುಳಿತೇ ಇರುತ್ತದೆ, ಕಿವಿ ಹಿಂದಕ್ಕೆ ಎಳೆದುಕೊಂಡಿರುತ್ತದೆ, ಮೈ ನಡುಗಿಸುತ್ತದೆ, ಪ್ರೀತಿಯ ತಿಂಡಿಯನ್ನೂ ಮೂಸಿ ಬಿಡುತ್ತದೆ, ಮುಟ್ಟಲು ಹೋದರೆ ಗುರ್ರೆನ್ನುತ್ತದೆ. ಇವು ಕಂಡರೆ ಡಾಕ್ಟರಿಗೆ ಫೋನ್ ಮಾಡಬೇಕೇ ಹೊರತು ಅಳುತ್ತ ಕೂರಬಾರದು. ಮನೆಯ ಔಷಧಿ ಡಬ್ಬಿಗೂ ಕೈ ಹಾಕಬಾರದು. ನಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ನಾಯಿಯ ಯಕೃತ್ತಿಗೆ, ಐಬುಪ್ರೊಫೆನ್ ಅದರ ಹೊಟ್ಟೆಗೂ ಮೂತ್ರಪಿಂಡಕ್ಕೂ ವಿಷವಾಗಬಲ್ಲವು. ರಾಯರ ಮಗಳು ಡಾಕ್ಟರು ತೂಕ ನೋಡಿ ಬರೆದುಕೊಟ್ಟ ಮಾತ್ರೆಗಳ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಯಾವ ಹೊತ್ತಿಗೆ ಯಾವುದು, ಊಟದ ಮುಂಚೆಯೋ ಆಮೇಲೋ, ಕೊಟ್ಟವರು ಯಾರು ಎಂದು ಟಿಕ್ಕು ಹಾಕುವ ಪದ್ಧತಿ ಶುರುವಾಯಿತು. ಅಳುವುದಕ್ಕಿಂತ ಅದು ಉಪಯೋಗಕ್ಕೆ ಬಂತು.

ಎರಡನೆಯ ಪಾಠ ನೆಲದ್ದು. ರಾಯರು ಕೆಲವು ವರ್ಷದ ಹಿಂದೆ ಹಳೆಯ ರೆಡ್ ಆಕ್ಸೈಡ್ ನೆಲ ಕೀಳಿಸಿ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ಹಾಕಿಸಿದ್ದರು. ನೆಂಟರೆಲ್ಲ ಹೊಗಳಿದ ಆ ನೆಲ ಈಗ ಶತ್ರುವಾಯಿತು. ನಾಯಿ ತನ್ನ ಭಾರದಲ್ಲಿ ಸುಮಾರು ಶೇಕಡ 60ರಷ್ಟನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಹಿಂಗಾಲು ಹೋದ ನಾಯಿಗಿಂತ ಮುಂಗಾಲು ಹೋದ ನಾಯಿಗೆ ಹೆಚ್ಚು ತ್ರಾಸವಾಗುವುದು ಇದರಿಂದಲೇ. ಎರಡು ಕಾಲು ಹೊರುತ್ತಿದ್ದುದನ್ನು ಒಂದೇ ಕಾಲು ಹೊರುವಾಗ ಅದು ಜಾರಿದರೆ ಮುಖವೇ ನೆಲಕ್ಕೆ ಬಡಿಯುತ್ತದೆ. ಅಟ್ಟದಿಂದ ಜಮಖಾನಗಳು ಇಳಿದವು. ಬಾಗಿಲ ಬಳಿಯ ನಾರಿನ ಕಾಲೊರಸು, ಮಗಳ ಯೋಗದ ಚಾಪೆ, ಅಕ್ಕಿ ತಂದ ಗೋಣಿಚೀಲ ಎಲ್ಲ ಸೇರಿ ಕರಿಯನ ಮೂಲೆಯಿಂದ ಹಿತ್ತಲಿನವರೆಗೆ ಒಂದು ರಸ್ತೆಯಾಯಿತು. ಮೆಟ್ಟಿಲಿಗೆ ಅಡ್ಡವಾಗಿ ಬೆಂಚು ಬಿತ್ತು. ಎದ್ದು ನಿಲ್ಲುವಾಗ ಎದೆಯ ಕೆಳಗೆ, ಹೊಲಿಗೆಗೆ ತಾಗದ ಹಾಗೆ, ಟವಲ್ ತೂರಿಸಿ ಎರಡೂ ತುದಿ ಹಿಡಿದುಕೊಳ್ಳುವುದನ್ನು ಡಾಕ್ಟರು ತೋರಿಸಿಕೊಟ್ಟಿದ್ದರು. ಎತ್ತುವುದಕ್ಕಲ್ಲ, ಬೀಳದಂತೆ ತಡೆಯುವುದಕ್ಕೆ.

ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ದೊಡ್ಡ ಕೊಳವೆ ಹಾಕಿದ್ದರು. ಹಳೆಯ ರೆಕಾರ್ಡುಗಳ ಮೇಲೆ ಗ್ರಾಮಫೋನಿನ ಮುಂದೆ ಕುಳಿತ ನಾಯಿಯ ಚಿತ್ರವಿರುತ್ತಿತ್ತಲ್ಲ, ಇಲ್ಲಿ ನಾಯಿಯೇ ಗ್ರಾಮಫೋನ್ ಆಗಿತ್ತು. ಅದು ಬಾಗಿಲಿಗೆ, ಬಕೆಟ್ಟಿಗೆ, ಅಜ್ಜಿಯ ಮಂಡಿಗೆ ಬಡಿಯುತ್ತಿತ್ತು. ಪಾಪವೆಂದು ಅದನ್ನು ಬಿಚ್ಚುವ ಆಸೆ ಎಲ್ಲರಿಗೂ ಆಗುತ್ತದೆ. ಬಿಚ್ಚಿದರೆ ಕೆಲವೇ ನಿಮಿಷದಲ್ಲಿ ನಾಯಿ ಹೊಲಿಗೆ ಕಿತ್ತುಕೊಳ್ಳಬಹುದು. ನಮ್ಮ ಊರುಗಳಲ್ಲಿ ಇನ್ನೊಂದು ಭಯ ನೊಣದ್ದು. ತೆರೆದ ಗಾಯದ ಮೇಲೆ ಅದು ಮೊಟ್ಟೆಯಿಟ್ಟರೆ ಹುಳುವಾಗಲು ಬಹಳ ಹೊತ್ತು ಬೇಡ. ಆದ್ದರಿಂದ ದಿನಕ್ಕೆರಡು ಸಲ ಬೆಳಕಿನಲ್ಲಿ ಗಾಯ ನೋಡುವುದು, ಒಣಗಿದ ಹಾಸಿಗೆ, ಹೊಲಿಗೆ ಬಿಚ್ಚುವವರೆಗೆ ಸ್ನಾನವಿಲ್ಲ. ನೀಲಿ ಕಲೆ ಎದೆಯಿಂದ ಹೊಟ್ಟೆಯ ಕಡೆಗೆ ಇಳಿದಾಗ ಎಲ್ಲರೂ ಹೌಹಾರಿದರು. ಒಳಗೆ ಕಟ್ಟಿದ ರಕ್ತ ಹಾಗೆ ಕೆಳಗಿಳಿಯುವುದು ಸಹಜ ಎಂದು ಡಾಕ್ಟರು ಧೈರ್ಯ ಹೇಳಿದರು. ಗಾಯ ಬಿಸಿಯಾದರೆ, ಕೀವು ಬಂದರೆ, ವಾಸನೆ ಬಂದರೆ ಮಾತ್ರ ಓಡಿ ಬನ್ನಿ ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ಪೇಪರಿನ ಹುಡುಗ. ಯಾರೂ ಹತ್ತಿರವಿರಲಿಲ್ಲ. ಕರಿಯ ಎದ್ದ, ಎರಡು ಹೆಜ್ಜೆ ಇಟ್ಟ, ಮಗ್ಗುಲಾಗಿ ಬಿದ್ದ. ರಾಯರು ಓಡಿಬಂದರು. “ಎತ್ತಬೇಡ ಬಿಡೋ, ಅವನೇ ಏಳ್ತಾನೆ” ಎಂದು ಅಜ್ಜಿ ಕುರ್ಚಿಯಿಂದಲೇ ಗದರಿದರು. ಅವನೇ ಎದ್ದ. ಉಳಿದ ಒಂದು ಮುಂಗಾಲನ್ನು ಎದೆಯ ನಡುವಿಗೆ ತಂದು, ತಲೆ ಮೇಲೆ ಕೆಳಗೆ ಆಡಿಸುತ್ತ, ಕುಪ್ಪಳಿಸಿಕೊಂಡು ಗೇಟು ತಲುಪಿ ಹುಡುಗನಿಗೆ ವಾಡಿಕೆಯಂತೆ ಬೊಗಳಿದ. ಕಾಲು ತೆಗೆಸುವುದು ಬೇಡವೆಂದಿದ್ದ ಅಜ್ಜಿಯೇ ಅಂದಿನಿಂದ ಅವನ ತರಬೇತುದಾರರಾದರು. ಮಂಡಿನೋವಿನಿಂದ ಕೋಲು ಹಿಡಿದಿದ್ದ ಅವರು, “ನಂಗೂ ಈಗ ಮೂರೇ ಕಾಲು. ಬಾರೋ, ಯಾರು ಮೊದಲು ಹಿತ್ತಲಿಗೆ ಹೋಗ್ತಾರೋ ನೋಡೋಣ” ಎನ್ನುತ್ತಿದ್ದರು. ಗಂಡುನಾಯಿಯ ಗೌರವದ ಪ್ರಶ್ನೆಯೊಂದಿತ್ತು. ಮೂರರಲ್ಲಿ ಒಂದನ್ನು ಎತ್ತಿದರೆ ಗಿಡಕ್ಕೆ ನೀರು ಬಿಡುವುದು ಹೇಗೆ? ಕೆಲವು ದಿನ ಹೆಣ್ಣುನಾಯಿಯಂತೆ ಕುಳಿತು ಮುಗಿಸಿದ. ಆಮೇಲೆ ಕಾಂಪೌಂಡಿಗೆ ಮೈ ಆನಿಸಿಕೊಳ್ಳುವ ಉಪಾಯ ಹೊಳೆಯಿತು.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದರು. ಮಾಮೂಲಾಗಿ ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ಚುತ್ತಾರೆ. ಅಷ್ಟು ದಿನವೂ ರಾಯರು ಮಾತ್ರೆ ಕೊಟ್ಟರು, ಟವಲ್ ಹಿಡಿದರು, ರಾತ್ರಿ ಎದ್ದರು. ಆದರೆ ಕರಿಯನ ಕಣ್ಣನ್ನು ಮಾತ್ರ ನೋಡುತ್ತಿರಲಿಲ್ಲ. ತಾನು ಸಹಿ ಹಾಕಿದ್ದು ಅದಕ್ಕೆ ಗೊತ್ತು ಎಂಬಂತೆ ಇರುತ್ತಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುವಾಗ ಕರಿಯ ಬಂದು ಅವರ ಪಾದದ ಮೇಲೆ ಕುಳಿತು ಪೂರ್ತಿ ಭಾರ ಬಿಟ್ಟ. ಮುಂಚೆ ಬೂತಿನ ಬಳಿ ಕುಳಿತುಕೊಳ್ಳುತ್ತಿದ್ದ ಹಾಗೆಯೇ. ಅದನ್ನು ಕ್ಷಮೆ ಎನ್ನುವಂತಿಲ್ಲ. ಕ್ಷಮಿಸಬೇಕಾದರೆ ಮೊದಲು ದೂರಿರಬೇಕು. ಕರಿಯನಿಗೆ ದೂರೇ ಇರಲಿಲ್ಲ. ಎಳೆದುಕೊಂಡು ಓಡಾಡಬೇಕಿದ್ದ ಹುಣ್ಣಿನ ಕಾಲು ಈಗಿಲ್ಲ, ಅಷ್ಟೆ. ರಾಯರು ಎಷ್ಟೋ ದಿನದ ಮೇಲೆ ಅವನ ತಲೆ ಸವರಿದರು.

ಕನ್ನಡ ನಾಡಿಗೆ ನಾಯಿಯ ಮೇಲಿನ ಪ್ರೀತಿ ಹೊಸದಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಕಲ್ಲೊಂದು ಸಿಕ್ಕಿತು. ಗಂಗ ದೊರೆ ಬೂತುಗನ ಬಂಟ ಮಣಲೇರ ತಕ್ಕೋಲಂ ಯುದ್ಧದ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಮಣಲೇರ ಕಲ್ಲು ನಿಲ್ಲಿಸಿ ಭೂಮಿ ಬಿಡಿಸಿದ. ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ನಾಯಿ, ಹಂದಿ ಎರಡೂ ಇವೆ. ಸತ್ತ ನಾಯಿಗೆ ಕಲ್ಲು ನಿಲ್ಲಿಸಿದ್ದು ದೊಡ್ಡ ಮಾತೇ. ಆದರೆ ಗಾಯಗೊಂಡು ಬದುಕಿ ಉಳಿದ ನಾಯಿಗೆ ಕಲ್ಲು ಬೇಡ. ಗೋಣಿಚೀಲ, ಟವಲ್, ಹೊತ್ತಿಗೆ ಸರಿಯಾಗಿ ಮಾತ್ರೆ ಬೇಕು.

ಎಲ್ಲ ನಾಯಿಗಳ ಅದೃಷ್ಟವೂ ಒಂದೇ ಅಲ್ಲ ಎನ್ನುವುದನ್ನೂ ಹೇಳಬೇಕು. ಗ್ರೇಟ್ ಡೇನ್, ರಾಟ್‌ವೈಲರ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ತಳಿಗಳಿಗೆ ಕಾಲಿನ ಮೂಳೆಯಲ್ಲಿ ಕ್ಯಾನ್ಸರ್ ಬರುವುದುಂಟು. ಅಲ್ಲಿ ಕಾಲು ತೆಗೆಯುವುದು ಮುಖ್ಯವಾಗಿ ನೋವು ತೆಗೆಯಲೆಂದು. ರೋಗ ಪತ್ತೆಯಾಗುವ ಹೊತ್ತಿಗೆ ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಶ್ವಾಸಕೋಶಕ್ಕೆ ಹಬ್ಬಿರುತ್ತದೆ. ಬರೀ ಶಸ್ತ್ರಚಿಕಿತ್ಸೆಯಾದರೆ ಹೆಚ್ಚಿನವಕ್ಕೆ ಸಿಗುವುದು ಕೆಲವೇ ತಿಂಗಳು. ಜೊತೆಗೆ ಕ್ಯಾನ್ಸರ್ ಔಷಧಿ ಕೊಟ್ಟರೆ ಸುಮಾರು ಒಂದು ವರ್ಷ. ಅಷ್ಟಕ್ಕಾಗಿ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ನಾಯಿ ತಿಂಗಳು ಎಣಿಸುವುದಿಲ್ಲ. ನೋವಿಲ್ಲದೆ ಬಿಸಿಲು ಕಾಯಿಸಿಕೊಂಡ ಒಂದು ಬೆಳಗ್ಗೆಗೂ ಅದರ ಲೆಕ್ಕದಲ್ಲಿ ಬೆಲೆಯಿದೆ. ಅದೂ ಸಿಗದೆನ್ನುವಾಗ ಪಕ್ಕದ ಮನೆಯವರು ಹೇಳಿದ ಇಂಜೆಕ್ಷನ್ನೇ ದಯೆಯಾಗುವ ಸಂದರ್ಭವೂ ಉಂಟು. ಯಾವುದು ಯಾವಾಗ ಎಂದು ನಿರ್ಧರಿಸಲು ನಮ್ಮ ದುಃಖವನ್ನು ಪಕ್ಕಕ್ಕಿಟ್ಟು ನಾಯಿಯ ನೋವನ್ನು ನೋಡಬೇಕು.

ಕರಿಯನ ಆರೈಕೆ ಹೊಲಿಗೆಯೊಂದಿಗೆ ಮುಗಿಯಲಿಲ್ಲ. ಅವನ ತೂಕ ಹೆಚ್ಚಬಾರದು. ಒಂದೊಂದು ಕಿಲೋ ಹೆಚ್ಚಿದರೂ ಉಳಿದ ಒಂಟಿ ಮುಂಗಾಲಿನ ಕೀಲಿಗೆ ಹೊರೆ. ಪ್ರೀತಿಯನ್ನು ತುಪ್ಪದಲ್ಲೇ ಅಳೆಯುವ ಮನೆಯಲ್ಲಿ ಇದು ಎಲ್ಲಕ್ಕಿಂತ ಕಷ್ಟದ ಪಥ್ಯವಾಯಿತು. ಕೊರಳಪಟ್ಟಿ ಎಳೆದರೆ ಮುಗ್ಗರಿಸುತ್ತಾನೆಂದು ಎದೆಗೆ ಸುತ್ತುವ ಪಟ್ಟಿ ಬಂತು. ಉಗುರು, ಪಾದದ ಸಂದಿಯ ಕೂದಲು ಕತ್ತರಿಸುವುದು ಮಗಳ ಭಾನುವಾರದ ಕೆಲಸವಾಯಿತು. ಒಂದೇ ಉಸಿರಿಗೆ ಹಾಲಿನ ಬೂತಿಗೆ ಹೋಗುತ್ತಿದ್ದವನು ಈಗ ನಡುವೆ ಎರಡು ಕಡೆ ಕುಳಿತು ಹೋಗುತ್ತಾನೆ. ಬೀದಿಯ ಮಕ್ಕಳು ಮೊದಮೊದಲು ಕಾಲು ಎಣಿಸಿದರು, ಆಮೇಲೆ ಮರೆತರು. ಇಂಜೆಕ್ಷನ್ ಸೂಚಿಸಿದ್ದ ಪಕ್ಕದ ಮನೆಯವರು, “ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಸಾಧಿಸಿಬಿಟ್ಟಿರಲ್ಲ ರಾಯರೇ” ಎಂದು ನಕ್ಕು, ಕಾಂಪೌಂಡಿನ ಮೇಲಿಂದ ಬಿಸ್ಕತ್ತು ಹಾಕಲು ಬರುತ್ತಾರೆ. ಒಂದೇ ಒಂದು ಸಾಕು ಎಂದು ರಾಯರ ಹೆಂಡತಿ ಒಳಗಿನಿಂದಲೇ ಕೂಗುತ್ತಾರೆ.

ಹೊಳೆಯುವ ಟೈಲ್ಸ್ ಮೇಲೆ ಜಮಖಾನದ ರಸ್ತೆ ಹಾಗೆಯೇ ಇದೆ. ಹಬ್ಬಕ್ಕೆ ಬಂದ ನೆಂಟರು ಇದನ್ನೆಲ್ಲ ತೆಗೆಯಬಾರದೇ ಎಂದರು. ತೆಗೆಯಲಿಲ್ಲ. ಈಗ ಅಜ್ಜಿಯೂ ಅದರ ಮೇಲೆಯೇ ಓಡಾಡುತ್ತಾರೆ. ಕೋಲು ಜಾರುವುದಿಲ್ಲವಂತೆ.