ಅದರ ಕಣ್ಣಿಗೆ ನಾವು

ತುಮಕೂರು ಬಳಿಯ ದೇವರಾಯನದುರ್ಗದ ಕಾಡಂಚಿನಲ್ಲಿ ಬೆಳೆದವರು ಬೆಳಕು ಹರಿಯುವ ಮೊದಲು ಹೊಲದ ದಾರಿ ಹಿಡಿದರೆ ಸುಮ್ಮನೆ ಹೋಗುವುದಿಲ್ಲ. ಕೆಮ್ಮುತ್ತಾರೆ, ಜೋರಾಗಿ ಮಾತಾಡುತ್ತಾರೆ, ಕೋಲಲ್ಲಿ ಪೊದೆ ಬಡಿಯುತ್ತಾರೆ. ಕರಡಿಯ ಕಣ್ಣು ಮಂದ. ಹುತ್ತ ಕೆದರಿ ಗೆದ್ದಲು ಹೀರುತ್ತಿದ್ದರಂತೂ ಅದಕ್ಕೆ ಲೋಕದ ಪರಿವೆಯೇ ಇರುವುದಿಲ್ಲ. ತೀರ ಹತ್ತಿರ ಎದುರಾದರೆ ಗಾಬರಿಗೆ ಮುಖಕ್ಕೇ ಎರಗುತ್ತದೆ. ದೂರದಿಂದಲೇ ಸದ್ದು ಕೇಳಿಸಿದರೆ ಸಾಮಾನ್ಯವಾಗಿ ತನ್ನ ಪಾಡಿಗೆ ತಾನು ಸರಿದುಹೋಗುತ್ತದೆ.

ಚಿರತೆಯ ಲೆಕ್ಕವೇ ಬೇರೆ. ಬಗ್ಗಿ ಹುಲ್ಲು ಕುಯ್ಯುವವರು, ಬಯಲಲ್ಲಿ ಕೂತವರು, ಅಂಗಳದಲ್ಲಿ ಆಡುವ ಮಗು, ಇವರೆಲ್ಲ ಅದರ ಕಣ್ಣಿಗೆ ಕುರಿ ಮೇಕೆಯಷ್ಟೇ ಎತ್ತರ. 2019ರ ಕೊನೆಯಿಂದ 2020ರ ಆರಂಭದವರೆಗೆ ಹೆಬ್ಬೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಚಿರತೆಗೆ ಬಲಿಯಾದವರಲ್ಲಿ ವಯಸ್ಸಾದವರಿದ್ದರು, ಎಳೆಯ ಮಕ್ಕಳಿದ್ದರು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಎಚ್ಚರ ಅಂದರೆ ಸುತ್ತಮುತ್ತ ನೋಡಿಕೊಳ್ಳುವುದು ಅಂತ ನಾವು ಅಂದುಕೊಂಡಿದ್ದೇವೆ. ಎದುರಿನ ಜೀವಕ್ಕೆ ನಾನೀಗ ಹೇಗೆ ಕಾಣುತ್ತಿದ್ದೇನೆ ಅನ್ನುವ ಅರಿವೂ ಬೇಕಲ್ಲ!

ಊರಿನ ರಸ್ತೆಗೂ ಇದೇ ಮಾತು. ನಮ್ಮ ಶೆಟ್ಟಿಹಳ್ಳಿಯನ್ನೇ ನೋಡಿ. ಹೆಸರಲ್ಲಿ ಹಳ್ಳಿ, ಈಗ ತುಮಕೂರಿನ ಬಡಾವಣೆ. ರೈಲ್ವೆ ಅಂಡರ್‌ಪಾಸ್‌ಗೆ ಬಿಸಿಲಿನಿಂದ ಇಳಿದ ಚಾಲಕನ ಕಣ್ಣು ನೆರಳಿಗೆ ಹೊಂದಿಕೊಳ್ಳಲು ಒಂದು ಗಳಿಗೆ ಬೇಕು. ಆ ಗಳಿಗೆಯಲ್ಲಿ ಗೋಡೆ ಪಕ್ಕ ನಡೆಯುವ ಕಪ್ಪು ಬಟ್ಟೆಯವರು ಅವನ ಪಾಲಿಗೆ ಇಲ್ಲವೇ ಇಲ್ಲ. ಬಿ.ಎಚ್. ರಸ್ತೆಯಲ್ಲೂ ಅಷ್ಟೆ. ಲಾರಿಯ ಎಡಮಗ್ಗುಲಿಗೆ ಒತ್ತಿಕೊಂಡು ಸ್ಕೂಟರ್ ನಿಲ್ಲಿಸಿದವರು ತಾವು ಇಷ್ಟು ದೊಡ್ಡ ಲಾರಿಯನ್ನು ನೋಡುತ್ತಿದ್ದೇವಲ್ಲ ಅಂತ ನಿಶ್ಚಿಂತೆಯಿಂದಿರುತ್ತಾರೆ. ಮೇಲೆ ಬಲಗಡೆ ಕೂತ ಚಾಲಕನಿಗೆ ಅವರು ಕಾಣುವುದೇ ಇಲ್ಲ. ಅವನ ಕನ್ನಡಿಯಲ್ಲಿ ನಿಮಗೆ ಅವನ ಮುಖ ಕಾಣದಿದ್ದರೆ, ಅವನಿಗೂ ನೀವು ಕಾಣುತ್ತಿಲ್ಲ ಅಂತಲೇ ತಿಳಿಯಬೇಕು. ಕರಡಿಗಾದರೆ ಕೆಮ್ಮುತ್ತೇವೆ. ಇಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಇಂಡಿಕೇಟರ್ ಕೂಡ ಹಾಕದೆ ತಿರುಗುತ್ತೇವೆ.

ಕಾಡೂ ಊರೂ ಒಂದೇ ಕಡೆ ಸಿಕ್ಕಿಕೊಂಡಾಗ ಪೇಚಾಟ ಇನ್ನೂ ಹೆಚ್ಚು. 2018ರ ಜನವರಿಯಲ್ಲಿ ಇಲ್ಲೇ ತುಮಕೂರಿನ ಜಯನಗರದ ಮನೆಯೊಂದಕ್ಕೆ ಚಿರತೆ ನುಗ್ಗಿತು. ಮನೆಯ ಹೆಂಗಸರು ಬಚ್ಚಲಮನೆ ಸೇರಿ ಬಾಗಿಲು ಹಾಕಿಕೊಂಡು ಬದುಕಿಕೊಂಡರು. ನಡುವೆ ಒಂದು ಬಾಗಿಲು ತಂದುಕೊಂಡ ಆ ಬುದ್ಧಿ ದೊಡ್ಡದು. ಇಂಥ ಹೊತ್ತಲ್ಲಿ ಬೀದಿಗೆ ಬೀದಿಯೇ ಮೊಬೈಲ್ ಹಿಡಿದು ಮಾಳಿಗೆ ಹತ್ತುತ್ತದೆ. ಒಳಗಿನ ಪ್ರಾಣಿಗೆ ಆ ಗುಂಪು ಹೇಗೆ ಕಂಡೀತು? ತಪ್ಪಿಸಿಕೊಳ್ಳುವ ದಾರಿಯೆಲ್ಲ ಮುಚ್ಚಿದ ಹಾಗೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದರ ಈಜುಕೊಳದ ಬಳಿ ಚಿರತೆಯಿಂದ ಕಚ್ಚಿಸಿಕೊಂಡವರು ಬೇರಾರೂ ಅಲ್ಲ, ಚಿರತೆಗಳನ್ನೇ ಅಧ್ಯಯನ ಮಾಡುವ ಸಂಜಯ್ ಗುಬ್ಬಿ. ಗಾಬರಿಬಿದ್ದ ಪ್ರಾಣಿಯ ಮುಂದೆ ಅಷ್ಟು ಬಲ್ಲವರಿಗೂ ಹೀಗಾಯಿತು.

ನಮ್ಮ ಶಾಲೆಗಳ ಬಗ್ಗೆ ನನಗೊಂದು ಆಸೆಯಿದೆ. ಒಂದು ಶನಿವಾರ ಮೈದಾನಕ್ಕೆ ಲಾರಿಯೊಂದನ್ನು ತರಿಸಿ, ಎಂಜಿನ್ ಆರಿಸಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಚಾಲಕನ ಸೀಟಿಗೆ ಹತ್ತಿಸಬೇಕು. ಕೆಳಗೆ ಎಡಗಡೆ ಅವರ ಗೆಳೆಯರು ಸೈಕಲ್ ಹಿಡಿದು ನಿಂತಿರಲಿ. ಎಷ್ಟು ಜನ ಕಾಣುತ್ತಾರೆ, ಮೇಲಿನಿಂದ ಎಣಿಸಿ ಹೇಳಲಿ.